ಕುಮಟಾ–ಹೊನ್ನಾವರ ಕಡೆ ಒಂದು ವಾರ: ಓಡಾಟ ಬೇಡ, ಆರಾಮ ಬೇಕು

ದಾವಣಗೆರೆ_ಬೆಣ್ಣೆ | ನವೆಂಬರ್ 16

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಇರುವುದು ಬೆಂಗಳೂರು. ಡಿಸೆಂಬರ್ ಕೊನೆಯಲ್ಲಿ ಮನೆಯವರಿಗೆ ರಜೆ ಸಿಗುವ ಹಾಗಿದೆ. ಮದುವೆಯಾಗಿ 11 ವರ್ಷಕ್ಕೆ ಇದೇ ಮೊದಲ ಸಲ ಪೂರ್ತಿ ಏಳು ದಿನ. ಉತ್ತರ ಕನ್ನಡದ ಕರಾವಳಿಗೆ ಹೋಗೋಣ ಅಂತ ಮಾತಾಗಿದೆ.

ನಾಲ್ಕು ಜನ. ನಾವಿಬ್ಬರು, 9 ವರ್ಷದ ಮಗಳು, 68 ವರ್ಷದ ಅತ್ತೆ. ಅತ್ತೆಗೆ ಮಂಡಿ ನೋವು, ಮೆಟ್ಟಿಲು ಕಷ್ಟ. ಅವರಿಗೆ ಗೋಕರ್ಣ, ಇಡಗುಂಜಿ ಆಗಲೇಬೇಕು. ಮಗಳಿಗೆ ನೀರು ಬೇಕು, ಮನೆಯವರಿಗೆ ಮೀನು ಬೇಕು. ನನಗೆ ಏನೂ ಬೇಡ. ನಿಜವಾಗಿ ಏನೂ ಬೇಡ. ಬೆಳಿಗ್ಗೆ ಆರಕ್ಕೆ ಎದ್ದು ಟಿಫಿನ್ ಡಬ್ಬಿ ಕಟ್ಟದೆ ಏಳು ದಿನ ಕಳೆದರೆ ಸಾಕು.

ಕಾರು ತರಬೇಕಾ, ರೈಲಾ? ಎಲ್ಲಿ ಉಳಿಯೋದು? ಗೊತ್ತಿರುವವರು ಹೇಳಿ.

ಬುಲೆಟ್_ಬಸ್ಯಾ | ನವೆಂಬರ್ 16

ಅಕ್ಕಾ, ನಾನು ಹೋದ ವರ್ಷ ಬೈಕಲ್ಲಿ ಮುಗಿಸಿದ್ದೇನೆ. ಬರ್ಕೊಳ್ಳಿ. ಮೊದಲ ದಿನ ಬೆಂಗಳೂರಿಂದ ಸೀದಾ ಮುರ್ಡೇಶ್ವರ. ಎರಡು, ಬೆಳಿಗ್ಗೆ ನೇತ್ರಾಣಿ ಸ್ಕೂಬಾ, ಮಧ್ಯಾಹ್ನ ಇಡಗುಂಜಿ, ಸಂಜೆ ಅಪ್ಸರಕೊಂಡ. ಮೂರು, ಹೊನ್ನಾವರ ಬೋಟಿಂಗ್, ಮಿರ್ಜಾನ್ ಕೋಟೆ, ಯಾಣ. ನಾಲ್ಕು, ಗೋಕರ್ಣ ದೇವಸ್ಥಾನ, ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ನಾಲ್ಕೂ ಬೀಚು. ಐದು, ವಿಭೂತಿ ಜಲಪಾತ, ಅಂಕೋಲಾ. ಆರು, ಕಾರವಾರ, ದೇವಬಾಗ, ಸದಾಶಿವಗಡ, ಮಾಜಾಳಿ. ಏಳು, ವಾಪಸ್. ಟೈಮ್ ಉಳಿದರೆ ದಾರಿಯಲ್ಲಿ ಜೋಗ ಹಾಕಿಕೊಳ್ಳಬಹುದು.

ಹೊಳೆಸಾಲು_ಮಾಸ್ತರ್ | ನವೆಂಬರ್ 16

ತಮಾ, ಇದು ಪ್ರವಾಸ ಅಲ್ಲ, ಚೆಕ್‌ಪೋಸ್ಟ್ ತಪಾಸಣೆ. ಅವರು "ಏನೂ ಬೇಡ" ಅಂತ ಎರಡೆರಡು ಸಲ ಬರೆದಿದ್ದಾರೆ, ನೀನು ಜೋಗದವರೆಗೆ ಎಳೆದಿದ್ದೀಯ. ಮಂಡಿ ನೋವಿನವರು ನಾಲ್ಕು ಬೀಚು ಹತ್ತಿ ಇಳಿಯೋದು ಹೇಗೆ? ಪ್ಯಾರಡೈಸ್‌ಗೆ ಕಲ್ಲು ಗುಡ್ಡ ದಾಟಿ ನಡೆಯಬೇಕು, ಇಲ್ಲ ದೋಣಿ ಹಿಡಿಯಬೇಕು.

ತಂಗೀ, ನಾನು ಹೊನ್ನಾವರದವನು, ಮೇಷ್ಟ್ರ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ಒಂದೇ ಮಾತು. ಎರಡು ಕಡೆ ಉಳಿಯಿರಿ, ಮೂರನೆಯದು ಬೇಡ. ಪ್ರತಿ ದಿನ ರೂಮು ಬದಲಿಸಿದರೆ ನೀವು ನೋಡುವುದು ಸಮುದ್ರವನ್ನಲ್ಲ, ಹೆದ್ದಾರಿ 66 ಅನ್ನು. ಕುಮಟಾದ ಹತ್ತಿರ ನಾಲ್ಕು ರಾತ್ರಿ, ಹೊನ್ನಾವರದ ಹತ್ತಿರ ಮೂರು. ಎರಡಕ್ಕೂ ನಡುವೆ ಇಪ್ಪತ್ತು ಕಿಲೋಮೀಟರ್ ಅಷ್ಟೇ. ಗೋಕರ್ಣ, ಇಡಗುಂಜಿ, ಮುರ್ಡೇಶ್ವರ ಎಲ್ಲಾ ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ಬರುವಷ್ಟು ದೂರ.

ಇನ್ನೊಂದು. ಡಿಸೆಂಬರ್ ಕೊನೆಯ ವಾರ ಬರಬೇಡಿ. ಆ ವಾರ ಗೋಕರ್ಣದಲ್ಲಿ ನಮಗೇ ನಿಲ್ಲಲು ಜಾಗ ಇರುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಬನ್ನಿ.

ಬುಲೆಟ್_ಬಸ್ಯಾ | ನವೆಂಬರ್ 16

ಮಾಸ್ತರ್, ಯಾಣವನ್ನೂ ಬಿಡೋದಾ? ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಅದನ್ನ ನೋಡದೆ ಬಂದರೆ ಜನ ನಗ್ತಾರೆ.

ಹೊಳೆಸಾಲು_ಮಾಸ್ತರ್ | ನವೆಂಬರ್ 16

ನಗಲಿ. ನಾನು ಇಲ್ಲೇ ಹುಟ್ಟಿದವನು, ನಲವತ್ತು ದಾಟಿದ ಮೇಲೆ ಯಾಣ ನೋಡಿದ್ದು.

ಬಾಡದ_ಗಾಳಿ | ನವೆಂಬರ್ 17

ಮಾಸ್ತರ್ ಹೇಳಿದ್ದು ಸರಿ. ನಮ್ಮದು ಕುಮಟಾ ತಾಲೂಕಿನ ಬಾಡ. ಅಕ್ಕಾ, ಕಾರು ತರಬೇಡಿ. ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಡುತ್ತದೆ, ಬೆಳಗಿನ ಜಾವ ಹೊನ್ನಾವರ, ಕುಮಟಾ. ಅತ್ತೆಯವರಿಗೆ ಕೆಳಗಿನ ಬರ್ತ್ ಸಿಗುವ ಹಾಗೆ ಬೇಗ ಟಿಕೆಟ್ ಮಾಡಿ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ 57 ಸುರಂಗ ರಾತ್ರಿಯಲ್ಲಿ ದಾಟಿ ಹೋಗುತ್ತವೆ, ಅದೊಂದು ನಷ್ಟ. ಘಟ್ಟ ನೋಡಲೇಬೇಕು ಅಂದರೆ ಯಶವಂತಪುರ–ಕಾರವಾರ ಹಗಲು ರೈಲಿದೆ, ಆದರೆ ದಿನಾ ಇಲ್ಲ. ಮಗು ಜೊತೆ ರಾತ್ರಿ ರೈಲೇ ಒಳ್ಳೆಯದು.

ಇಲ್ಲಿ ಓಡಾಡಲು ಬಸ್ಸಿದೆ, ಆಟೋ ಇದೆ. ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಲ್ಲಿ ನಿಮಗೆ, ಮಗಳಿಗೆ, ಅತ್ತೆಗೆ ಟಿಕೆಟ್ ಇಲ್ಲ. ಯಜಮಾನರಿಗೆ ಮಾತ್ರ ದುಡ್ಡು. ಆಧಾರ್ ಮರೆಯಬೇಡಿ.

ಅಂಕೋಲಾ_ಟು_ದುಬೈ | ನವೆಂಬರ್ 17

ಎಲ್ಲರೂ ಕುಮಟಾ ಹೊನ್ನಾವರ ಅಂತ ಹೇಳ್ತಾ ಇದ್ದೀರಿ. ಅಂಕೋಲಾ ಏನು ಪಾಪ ಮಾಡಿದೆ? 1930ರ ಉಪ್ಪಿನ ಸತ್ಯಾಗ್ರಹ ನಡೆದ ಊರು. ಕರಿ ಇಶಾಡು ಮಾವಿನಹಣ್ಣಿಗೆ 2023ರಲ್ಲಿ ಜಿಐ ಟ್ಯಾಗ್ ಬಂತು. ಜಾನಪದ ಹಾಡಿನ ಸುಕ್ರಿ ಬೊಮ್ಮಗೌಡರು, ಗಿಡ ಬೆಳೆಸಿದ ತುಳಸಿ ಗೌಡರು ಇಬ್ಬರೂ ನಮ್ಮ ತಾಲೂಕಿನವರು, ಇಬ್ಬರಿಗೂ ಪದ್ಮಶ್ರೀ. ಇಬ್ಬರೂ ಈಗಿಲ್ಲ.

ಬಾಡದ_ಗಾಳಿ | ನವೆಂಬರ್ 17

ಪಾಪ ಏನೂ ಇಲ್ಲ ಮಾರಾಯಾ. ಆದರೆ ಜನವರಿಯಲ್ಲಿ ಕರಿ ಇಶಾಡು ಎಲ್ಲಿಂದ ತರ್ತೀಯ? ಅದು ಮೇ ತಿಂಗಳ ಹಣ್ಣು. ನಮ್ಮ ಕುಮಟಾ ಸಿಹಿ ಈರುಳ್ಳಿಯದೂ ಅದೇ ಕತೆ. ಅಳ್ವೆಕೋಡಿ, ಹಂದಿಗೋಣ ಕಡೆ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ನೇತು ಹಾಕುವುದು ಏಪ್ರಿಲ್ ಆದ ಮೇಲೆ.

ಅಂಕೋಲಾ_ಟು_ದುಬೈ | ನವೆಂಬರ್ 17

ಅದು ಹೌದು. ಸುಮ್ನೆ ಹೊಟ್ಟೆ ಉರಿಗೆ ಬರೆದೆ. ಇಲ್ಲಿ ಸೂಪರ್ ಮಾರ್ಕೆಟಲ್ಲಿ ಎಲ್ಲಾ ಮಾವು ಸಿಗುತ್ತೆ, ಅದೊಂದು ಬಿಟ್ಟು.

ಒಂದು ನಿಜವಾದ ಸಲಹೆ ಕೊಡ್ತೇನೆ. ಇದನ್ನ ಓದಿ ಯಾರಾದರೂ ಜುಲೈಯಲ್ಲಿ ಹೊರಡಬೇಡಿ. ಮಳೆಗಾಲದ ಕರಾವಳಿ ಫೋಟೋದಲ್ಲಿ ಚಂದ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿಯಿತು. ಚಹಾ ಅಂಗಡಿ, ಲಾರಿ, ಜನ, ಎಲ್ಲಾ ಗಂಗಾವಳಿ ನದಿಯ ಪಾಲಾಯಿತು. ಮೂರು ವಾರ ಕಳೆದಿತ್ತಷ್ಟೇ, ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಆ ಚಹಾ ಅಂಗಡಿ ಹತ್ತಿರ ನಾನು ಎಷ್ಟು ಸಲ ಗಾಡಿ ನಿಲ್ಲಿಸಿದ್ದೇನೋ ಲೆಕ್ಕವಿಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವೂ ಇರುತ್ತದೆ. ತಾಜಾ ಮೀನು ಅಂತ ಬಂದರೆ ಐಸ್ ಪೆಟ್ಟಿಗೆಯ ಮೀನೇ ಗತಿ.

ಚಟ್ಲಿ_ಪ್ರಿಯ | ನವೆಂಬರ್ 17

ಮೀನಿನ ಮಾತು ಬಂತಲ್ಲ, ಅಂತೂ! ಮೇಡಂ, ನಿಮ್ಮ ಯಜಮಾನರಿಗೆ ಹೇಳಿ, ಹೋದ ಕೂಡಲೇ ಇಸವಾಣದ (ಅಂಜಲ್ ಮೀನು) ಫ್ರೈ ಕೇಳುವುದು ಬೇಡ. ಅದು ಎಲ್ಲಾ ಕಡೆ ಸಿಗುತ್ತದೆ, ದುಬಾರಿಯೂ ಹೌದು. ಸಣ್ಣ ಊಟದ ಮನೆ ನೋಡಿ. ಇವತ್ತು ಏನು ಬಂದಿದೆ ಅಂತ ಕೇಳಿ, ಅದನ್ನೇ ತಿನ್ನಿ. ಬಂಗಡೆ ಸಾರು, ತಾರ್ಲೆ ಹುರಿದದ್ದು, ಚಟ್ಲಿ ಸುಕ್ಕ. ಚಟ್ಲಿ ಅಂದರೆ ಸೀಗಡಿ. ಬಳಚು ಸಿಕ್ಕರೆ ಬಿಡಲೇಬೇಡಿ. ಅಘನಾಶಿನಿ ನದಿಯ ಚಿಪ್ಪಿನ ಜೀವಿ ಅದು. ಕಾಯಿ, ಮಸಾಲೆ ಹಾಕಿ ಪಲ್ಯದ ಹಾಗೆ ಮಾಡುತ್ತಾರೆ. ಕೊನೆಗೆ ಮುರುಗಲು ಕಡಿ ಕುಡಿಯಿರಿ. ಕೋಕಂ ಅಂತೀರಲ್ಲ, ಅದೇ.

ದಾವಣಗೆರೆ_ಬೆಣ್ಣೆ | ನವೆಂಬರ್ 17

ಅಯ್ಯೋ, ಇಷ್ಟು ಉತ್ತರ ಬರುತ್ತೆ ಅಂತ ಗೊತ್ತಿರಲಿಲ್ಲ. ಮನೆಯವರು ನಿಮ್ಮ ಮಾತು ಓದಿ ಮೊಬೈಲನ್ನೇ ನೆಕ್ಕೋ ಹಾಗಿದ್ದಾರೆ. ಅತ್ತೆ ಮತ್ತು ನಾನು ಶಾಕಾಹಾರಿಗಳು. ನಮಗೆ ಏನು ಗತಿ?

ಹೊಳೆಸಾಲು_ಮಾಸ್ತರ್ | ನವೆಂಬರ್ 17

ನಿಮಗೆ ಏನು ಕಡಿಮೆ ತಂಗೀ. ಅಪ್ಪೆಹುಳಿ, ತಂಬುಳಿ, ನೀರುದೋಸೆ, ಹಾಲುಬಾಯಿ. ಹವ್ಯಕರ ಮನೆಯ ಹೋಂಸ್ಟೇ ಹಿಡಿದರೆ ಅತ್ತೆಯವರು ವಾಪಸ್ ಬರುವುದಿಲ್ಲ. ಮೀನು ಆ ಅಡುಗೆಮನೆಯಲ್ಲಿ ಬೇಯುವುದಿಲ್ಲ, ಯಜಮಾನರು ಹೊರಗೆ ಹೋಗಿ ತಿಂದು ಬರಲಿ.

ಮುಂಗಡ ಕಳಿಸುವ ಮೊದಲು ಮನೆಯವರ ಜೊತೆ ಫೋನಿನಲ್ಲಿ ಮಾತಾಡಿ. ಸಮುದ್ರ ಎಷ್ಟು ಹೆಜ್ಜೆ, ಮೆಟ್ಟಿಲು ಎಷ್ಟು, ಕಮೋಡ್ ಇದೆಯಾ, ಈ ಮೂರು ಕೇಳಿ. ನನ್ನ ಭಾವನವರು ಹೋದ ವರ್ಷ "ಬೀಚ್ ವ್ಯೂ" ಅಂತ ಫೋಟೋ ನೋಡಿ ದುಡ್ಡು ಕಳಿಸಿದರು. ಹೋಗಿ ನೋಡಿದರೆ ನೀರಿನ ಟ್ಯಾಂಕ್ ಮೇಲೆ ಹತ್ತಿದರೆ ಮಾತ್ರ ವ್ಯೂ. ಯಾವ ಜಾಗ ಅಂತ ಕೇಳಬೇಡಿ, ಇಲ್ಲಿ ಹೆಸರು ಹಾಕುವುದಿಲ್ಲ.

ನೀರಂದ್ರೆ_ಭಯ | ನವೆಂಬರ್ 18

ಖುಷಿಯ ಮಾತಿನ ನಡುವೆ ಬರ್ತಾ ಇದ್ದೇನೆ, ಬೇಜಾರಾಗಬೇಡಿ. ಮಗು ಇದೆ ಅಂತ ಹೇಳಿದ್ದೀರಿ. ಮುರ್ಡೇಶ್ವರದಲ್ಲಿ 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳು ಮುಳುಗಿದ್ದು ನೆನಪಿದೆಯಾ? ಸಮುದ್ರ ಶಾಂತವಾಗಿ ಕಾಣುವ ಕಡೆ ಇಳಿದರೆ ಏನೂ ಆಗಲ್ಲ ಅಂತ ನಾವು ಬಯಲುಸೀಮೆಯವರು ಅಂದುಕೊಳ್ಳುತ್ತೇವೆ. ಅದು ಸರಿಯಾ? ಕಡಲಿನವರು ಹೇಳಿ.

ಬಾಡದ_ಗಾಳಿ | ನವೆಂಬರ್ 18

ಸರಿ ಅಲ್ಲ. ಒಳ್ಳೆಯ ಪ್ರಶ್ನೆ ಕೇಳಿದಿರಿ. ಸ್ವಲ್ಪ ಉದ್ದ ಬರೀತೇನೆ. ನಮ್ಮ ಮನೆಯಲ್ಲಿ ಮೂರು ತಲೆಮಾರು ದೋಣಿ ನಡೆಸಿದ್ದಾರೆ.

ಅಲೆಗಳು ದಡಕ್ಕೆ ನೀರು ತಂದು ಸುರಿಯುತ್ತವೆ. ಆ ನೀರು ವಾಪಸ್ ಹೋಗಲೇಬೇಕಲ್ಲ. ಎಲ್ಲಾ ಕಡೆ ಸಮನಾಗಿ ಹೋಗುವುದಿಲ್ಲ. ಮರಳಿನಲ್ಲಿ ಎಲ್ಲಿ ಆಳದ ಕಾಲುವೆ ಇದೆಯೋ ಅಲ್ಲಿಂದ ಒಟ್ಟಾಗಿ, ಜೋರಾಗಿ ಹೋಗುತ್ತದೆ. ಅಲ್ಲಿ ಆಳ ಜಾಸ್ತಿ, ಹಾಗಾಗಿ ಅಲೆ ಒಡೆಯುವುದು ಕಮ್ಮಿ. ನೊರೆ ಇಲ್ಲ, ಸದ್ದಿಲ್ಲ. ದೂರದಿಂದ ನೋಡಿದವರಿಗೆ ಅದೇ ಶಾಂತ ಜಾಗ. ಮಕ್ಕಳನ್ನು ಕರೆದುಕೊಂಡು ಸೀದಾ ಅಲ್ಲಿಗೇ ಇಳಿಯುತ್ತಾರೆ. ಎರಡು ಅಲೆಗಳ ಗುಂಪಿನ ನಡುವೆ ಒಂದು ಪಟ್ಟಿ ಮಾತ್ರ ಸಪ್ಪೆಯಾಗಿ, ಮಣ್ಣು ಕಲಕಿದ ಬಣ್ಣದಲ್ಲಿ ಕಂಡರೆ ಅಲ್ಲಿ ಕಾಲಿಡಬೇಡಿ.

ಸಿಕ್ಕಿಬಿದ್ದರೆ ದಡದ ಕಡೆ ಈಜಬಾರದು. ಎಂಥ ಈಜುಗಾರನೂ ಸೋಲುತ್ತಾನೆ. ದಡಕ್ಕೆ ಸಮಾನಾಂತರವಾಗಿ, ಪಕ್ಕಕ್ಕೆ ಈಜಬೇಕು. ಆ ಕಾಲುವೆ ಅಗಲ ಇರುವುದಿಲ್ಲ, ಸ್ವಲ್ಪದರಲ್ಲೇ ಹಿಡಿತ ಬಿಡುತ್ತದೆ. ಈಜು ಬಾರದವರು ತೇಲುತ್ತಾ ಕೈ ಎತ್ತಬೇಕು. ಇದನ್ನೆಲ್ಲ ನೀರಿನಲ್ಲಿ ನೆನಪಿಟ್ಟುಕೊಳ್ಳುವುದು ಕಷ್ಟ. ಅದಕ್ಕೇ ನಮ್ಮಜ್ಜ ಹೇಳುತ್ತಿದ್ದುದು ಒಂದೇ: ಮೊಣಕಾಲಿನ ತನಕ ಆಟ, ಸೊಂಟಕ್ಕೆ ಬಂದರೆ ಎದ್ದು ಬಾ.

ಮಗಳಿಗೆ ಹೊನ್ನಾವರದ ಕಾಸರಕೋಡು ಇಕೋ ಬೀಚ್ ಒಳ್ಳೆಯದು. ಶುಚಿತ್ವ, ಸುರಕ್ಷತೆಗೆ ಕೊಡುವ ಬ್ಲೂ ಫ್ಲ್ಯಾಗ್ 2020ರಲ್ಲಿ ಸಿಕ್ಕ ಬೀಚು. ಈಜುವ ಜಾಗ ಗುರುತು ಮಾಡಿದ್ದಾರೆ, ಜೀವರಕ್ಷಕರು ಇರುತ್ತಾರೆ. ಕೆಂಪು ಬಾವುಟ ಇದ್ದರೆ ಅವತ್ತು ಮರಳಿನ ಮನೆ ಕಟ್ಟಿ ಅಷ್ಟೇ.

ಬುಲೆಟ್_ಬಸ್ಯಾ | ನವೆಂಬರ್ 18

ನಾನು ಕುಡ್ಲೆಯಲ್ಲಿ ಅಂಥದೇ ಶಾಂತ ಜಾಗದಲ್ಲಿ ಇಳಿದಿದ್ದೆ. ಈಗ ಓದಿ ಬೆವರು ಬಂತು. ಅಕ್ಕಾ, ನನ್ನ ಪಟ್ಟಿ ಹರಿದು ಹಾಕಿ.

ದಾವಣಗೆರೆ_ಬೆಣ್ಣೆ | ನವೆಂಬರ್ 20

ಪಟ್ಟಿ ಹರಿದಿದ್ದೇನೆ 😄 ಮನೆಯವರು ರಜೆಯನ್ನು ಜನವರಿಗೆ ಬದಲಿಸಿಕೊಂಡರು. ಸಂಕ್ರಾಂತಿ ಮುಗಿಸಿ ಹೊರಡುತ್ತೇವೆ. ಕುಮಟಾ ಹತ್ತಿರ ನಾಲ್ಕು ರಾತ್ರಿ, ಕಾಸರಕೋಡು ಹತ್ತಿರ ಮೂರು. ಮಾಸ್ತರ್ ಹೇಳಿದ ಮೂರು ಪ್ರಶ್ನೆ ಕೇಳಿದೆ. ಒಂದು ಕಡೆಯವರು "ಮೆಟ್ಟಿಲು ಸ್ವಲ್ಪ" ಅಂದರು. ಎಷ್ಟು ಅಂದೆ. 64 ಅಂದರು. ಅದನ್ನು ಬಿಟ್ಟೆ.

ಅತ್ತೆ ಈಗ ಹೊಸ ರಾಗ ತೆಗೆದಿದ್ದಾರೆ. ಆತ್ಮಲಿಂಗದ ಐದು ಕ್ಷೇತ್ರ ಅಂತಾರಲ್ಲ, ಐದೂ ಆಗಬೇಕಂತೆ. ಆಗುತ್ತಾ?

ಹೊಳೆಸಾಲು_ಮಾಸ್ತರ್ | ನವೆಂಬರ್ 20

ಆಗುತ್ತದೆ, ಆದರೆ ಒಂದೇ ದಿನ ಅಲ್ಲ. ಗೋಕರ್ಣ, ಧಾರೇಶ್ವರ, ಗುಣವಂತೆ, ಮುರ್ಡೇಶ್ವರ, ಕಾರವಾರದ ಸೆಜ್ಜೇಶ್ವರ. ಧಾರೇಶ್ವರ ಕುಮಟಾ–ಹೊನ್ನಾವರ ದಾರಿಯಲ್ಲೇ ಇದೆ, ಜಾಗ ಬದಲಿಸುವ ದಿನ ಇಳಿದು ನೋಡಿ. ಗುಣವಂತೆ ಮುರ್ಡೇಶ್ವರಕ್ಕೆ ಹೋಗುವ ದಾರಿಯಲ್ಲಿ. ಕಾರವಾರ ಒಂದೇ ದೂರ. ಅದನ್ನು ಮುಂದಿನ ಸಲಕ್ಕೆ ಇಡಿ. ದೇವರು ಅಲ್ಲೇ ಇರುತ್ತಾನೆ.

ಮುರ್ಡೇಶ್ವರದ ಗೋಪುರಕ್ಕೆ ಲಿಫ್ಟ್ ಇದೆ. ಇಪ್ಪತ್ತು ಅಂತಸ್ತಿನ ಗೋಪುರ, 18ನೇ ಅಂತಸ್ತಿನ ತನಕ ಕರೆದೊಯ್ಯುತ್ತಾರೆ. ಮಂಡಿಗೆ ತೊಂದರೆ ಇಲ್ಲ. 123 ಅಡಿಯ ಶಿವನನ್ನು ಮೇಲಿನಿಂದ ನೋಡಬಹುದು.

ಗುಣವಂತೆ ಅಂದ ಕೂಡಲೇ ನೆನಪಾಯಿತು. ಕೆರೆಮನೆ ಯಕ್ಷಗಾನ ಮೇಳ ಅಲ್ಲಿಯದು, 1934ರಲ್ಲಿ ಶುರುವಾದದ್ದು. ಜನವರಿ ಆಟದ, ಅಂದರೆ ಯಕ್ಷಗಾನದ ಕಾಲ. ಎಲ್ಲಾದರೂ ಯಕ್ಷಗಾನದ ಫ್ಲೆಕ್ಸ್ ಕಂಡರೆ ರಾತ್ರಿ ಹೋಗಿ ಕೂತುಬಿಡಿ. ಬಡಗುತಿಟ್ಟಿನ (ಉತ್ತರದ ಶೈಲಿಯ) ಚಂಡೆ ಕೇಳಿದರೆ ಮಗು ಮಲಗುವುದಿಲ್ಲ.

ಬಾಡದ_ಗಾಳಿ | ನವೆಂಬರ್ 20

ನನ್ನದೊಂದೇ ಕೋರಿಕೆ. ಗೋಕರ್ಣದಿಂದ ಬಂದ ದಾರಿಯಲ್ಲೇ ವಾಪಸ್ ಬರಬೇಡಿ. ತದಡಿಗೆ ಬಂದು ದೋಣಿ ಹತ್ತಿ. ಆಚೆ ದಡ ಅಘನಾಶಿನಿ ಊರು. ನದಿಯ ಹೆಸರೂ ಅದೇ. ಅಲ್ಲಿಂದ ಬಾಡದ ಮೇಲೆ ಹಾದು ಕುಮಟಾಕ್ಕೆ ಬಸ್ಸು.

ದಾವಣಗೆರೆ_ಬೆಣ್ಣೆ | ಜನವರಿ 27

ಹೋಗಿ ಬಂದೆವು! ಇಷ್ಟು ಸಹಾಯ ಮಾಡಿದವರಿಗೆ ವರದಿ ಒಪ್ಪಿಸದಿದ್ದರೆ ತಪ್ಪಾಗುತ್ತೆ.

ಮೊದಲ ಎರಡು ದಿನ ಏನು ಮಾಡಿದೆವು ಅಂದರೆ ಏನೂ ಮಾಡಲಿಲ್ಲ. ನಾನು ನಿದ್ದೆ ಮಾಡಿದೆ. ಬೆಳಿಗ್ಗೆ ಎದ್ದು ದೋಸೆ ತಿಂದು ಮತ್ತೆ ನಿದ್ದೆ. ಮನೆಯವರು ಹೆದರಿ ಹಣೆ ಮುಟ್ಟಿ ನೋಡಿದರು. ಜ್ವರ ಇಲ್ಲ, ಹನ್ನೊಂದು ವರ್ಷದ ಬಾಕಿ ಅಂದೆ.

ಮೂರನೇ ದಿನ ಗೋಕರ್ಣ. ಬೆಳಿಗ್ಗೆ ಬೇಗ ಹೋಗಿದ್ದರಿಂದ ದರ್ಶನ ಚೆನ್ನಾಗಿ ಆಯಿತು. ಕೋಟಿತೀರ್ಥದ ಕಟ್ಟೆಯಲ್ಲಿ ಅತ್ತೆ ಅರ್ಧ ಗಂಟೆ ಕೂತರು. ಆಮೇಲೆ ಬಾಡದ ಅಣ್ಣ ಹೇಳಿದ ಹಾಗೆ ತದಡಿ. ಆ ದೋಣಿಯನ್ನ ಹೇಗೆ ಹೇಳಲಿ! ನಾವು ನಾಲ್ಕು ಜನ, ಎರಡು ಬೈಕು, ಮೀನಿನ ಬುಟ್ಟಿ ಹಿಡಿದ ಮೂವರು ಹೆಂಗಸರು, ಕಾಲೇಜು ಹುಡುಗರು. ಯಾರಿಗೂ ಇದು ಪ್ರವಾಸ ಅಲ್ಲ, ದಿನದ ಬಸ್ಸು. ಇಳಿತದ ಹೊತ್ತು. ನದಿ ನಡುವೆ ಮರಳ ದಿಬ್ಬ ಎದ್ದಿತ್ತು. ಜನ ಸೊಂಟದ ತನಕ ನೀರಲ್ಲಿ ನಿಂತು ಬಳಚು ಹೆಕ್ಕುತ್ತಿದ್ದರು. ಪಕ್ಕದ ಅಮ್ಮ ಅತ್ತೆಗೆ ಹೇಳಿದರು, ಈ ಹೊಳೆಗೆ ಎಲ್ಲೂ ಅಣೆಕಟ್ಟು ಕಟ್ಟಿಲ್ಲ, ಅದಕ್ಕೇ ಸಿಹಿನೀರು ಉಪ್ಪುನೀರು ಇಷ್ಟು ಹದವಾಗಿ ಬೆರೆಯುವುದು, ಅದಕ್ಕೇ ಬಳಚು ಅಂತ. ಈ ಅಳಿವೆಗೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿದೆ ಅಂತ ಆಮೇಲೆ ಮನೆಯವರು ಮೊಬೈಲಲ್ಲಿ ಓದಿ ಹೇಳಿದರು. ಆ ಅಮ್ಮ ಒಂದೇ ಮಾತಲ್ಲಿ ಅದನ್ನ ಹೇಳಿ ಮುಗಿಸಿದ್ದರು.

ಅವರೇ ಕಗ್ಗ ಅಕ್ಕಿಯ ವಿಷಯವನ್ನೂ ಹೇಳಿದರು. ಅಳಿವೆ ಬದಿಯ ಗಜನಿ ಗದ್ದೆಗೆ ಉಪ್ಪುನೀರು ನುಗ್ಗಿದರೂ ಸಾಯದ ಭತ್ತವಂತೆ. ಮಾಣಿಕಟ್ಟಾ ಕಡೆ ಈಗಲೂ ಬೆಳೆಯುತ್ತಾರಂತೆ. ಎರಡು ಕೆಜಿ ತಂದಿದ್ದೇವೆ. ಕೆಂಪಗೆ ದಪ್ಪ ಅಕ್ಕಿ. ಕುಕ್ಕರಲ್ಲಿ ಮೂರು ಸೀಟಿಗೆ ಬೇಯಲೇ ಇಲ್ಲ.

ನಾಲ್ಕನೇ ದಿನ ಮಿರ್ಜಾನ್ ಕೋಟೆ. ಜಂಬಿಟ್ಟಿಗೆ ಕಲ್ಲಿನ ಗೋಡೆ ಮೇಲೆ ಹಸಿರು ಪಾಚಿ ಒಣಗುತ್ತಾ ಇತ್ತು. ಈ ಕೋಟೆಯ ಒಡತಿ ಚೆನ್ನಭೈರಾದೇವಿ ಗೇರುಸೊಪ್ಪೆಯನ್ನು 54 ವರ್ಷ ಆಳಿದಳು, ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತಿದ್ದರು ಅಂತ ಮಗಳಿಗೆ ಹೇಳಿದೆ. "ಮೆಣಸಿಗೆ ಯಾಕಮ್ಮ ಕೋಟೆ?" ಅಂದಳು. ಉತ್ತರ ಹೇಳಲು ಸಾಯಂಕಾಲ ಆಯಿತು.

ಹೊನ್ನಾವರದಲ್ಲಿ ನಮಗೆಲ್ಲ ಹಿಡಿಸಿದ್ದು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗಿನ ಮರದ ಸೇತುವೆ. ಸಪಾಟು ದಾರಿ, ಅತ್ತೆ ಕೈ ಹಿಡಿಯದೆ ನಡೆದರು. ಕೆಳಗೆ ಕೆಸರಲ್ಲಿ ಏಡಿಗಳು ಒಂದೇ ಕೈ ಎತ್ತಿ ಕರೆಯುತ್ತಿದ್ದವು.

ಮುರ್ಡೇಶ್ವರ ಮಾತ್ರ ನನಗೆ ಅಷ್ಟಕ್ಕಷ್ಟೆ. ಭಾನುವಾರ ಹೋಗಿದ್ದು ನಮ್ಮದೇ ತಪ್ಪು. ಲಿಫ್ಟಿಗೆ ಕ್ಯೂ, ಗಾಡಿ ನಿಲ್ಲಿಸಲು ಕ್ಯೂ, ಕಬ್ಬಿನಹಾಲಿಗೂ ಕ್ಯೂ. ಅತ್ತೆಗೆ ಮಾತ್ರ ಬಹಳ ಖುಷಿ.

ಇನ್ನು ಆಟ! ಕೊನೆಯ ರಾತ್ರಿಯ ಹಿಂದಿನ ದಿನ ಆಟೋದವರೇ ಹೇಳಿದರು, ಪಕ್ಕದ ಊರಲ್ಲಿ ಮೇಳ ಇದೆ ಅಂತ. ಹತ್ತು ನಿಮಿಷ ನೋಡಿ ಬರೋಣ ಅಂತ ಹೋದೆವು. ಮನೆಯವರು ಹನ್ನೊಂದಕ್ಕೆ ಕುರ್ಚಿಯಲ್ಲೇ ನಿದ್ದೆ ಹೋದರು. ಮಗಳು ಒಂದು ಗಂಟೆಗೆ ನನ್ನ ತೊಡೆ ಮೇಲೆ. ಮೆಟ್ಟಿಲು ಹತ್ತಲಾಗದ, ಹತ್ತು ನಿಮಿಷ ನಿಲ್ಲಲಾಗದ ನಮ್ಮ ಅತ್ತೆ ಬೆಳಗಿನ ಜಾವ ನಾಲ್ಕರವರೆಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. "ಭಾಗವತರ ಹಾಡು ನಿಂತ ಮೇಲೆ ಏಳೋಣ" ಅಂತ ಐದು ಸಲ ಹೇಳಿದರು. ಹಾಡು ನಿಲ್ಲಲೇ ಇಲ್ಲ.

ಹೊಳೆಸಾಲು_ಮಾಸ್ತರ್ | ಜನವರಿ 27

ಈಗ ಎಷ್ಟೋ ಕಡೆ ಕಾಲಮಿತಿ ಆಟ, ನಡುರಾತ್ರಿಗೆ ಮುಗಿಸಿಬಿಡುತ್ತಾರೆ. ನಿಮಗೆ ಇಡೀ ರಾತ್ರಿಯದು ಸಿಕ್ಕಿದೆ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಬುಲೆಟ್_ಬಸ್ಯಾ | ಜನವರಿ 27

ಒಟ್ಟು ಎಷ್ಟು ಜಾಗ ಆಯಿತು ಅಕ್ಕಾ? ನಾನು ಲೆಕ್ಕ ಹಾಕಿದೆ, ಆರೋ ಏಳೋ ಅಷ್ಟೆ. ನನ್ನ ಪಟ್ಟಿಯಲ್ಲಿ ಜೋಗ ಬಿಟ್ಟು ಹದಿನೆಂಟಿತ್ತು.

ದಾವಣಗೆರೆ_ಬೆಣ್ಣೆ | ಜನವರಿ 27

ಇಡಗುಂಜಿ ಸೇರಿಸಿದರೆ ಏಳು. ನಿನ್ನ ಹದಿನೆಂಟರಲ್ಲಿ ಯಾವುದಾದರೂ ಊರಿನ ಮೂರು ಜನರ ಹೆಸರು ಹೇಳು ನೋಡೋಣ.

ಬುಲೆಟ್_ಬಸ್ಯಾ | ಜನವರಿ 27

ಪಂಕ್ಚರ್ ಹಾಕಿದವನ ಹೆಸರೂ ಗೊತ್ತಿಲ್ಲ 🙏

ಚಟ್ಲಿ_ಪ್ರಿಯ | ಜನವರಿ 28

ಮೀನಿನ ಬಗ್ಗೆ ಒಂದು ಸಾಲೂ ಬರೆದಿಲ್ಲ ಮೇಡಂ. ಯಜಮಾನರನ್ನು ಇಲ್ಲಿಗೆ ಕಳಿಸಿ.

ದಾವಣಗೆರೆ_ಬೆಣ್ಣೆ | ಜನವರಿ 28

ಅವರು ಹೇಳಿದ್ದನ್ನೇ ಬರೀತೇನೆ: "ಬಂಗಡೆ ಐದು ಸಲ, ಚಟ್ಲಿ ಮೂರು ಸಲ, ಬಳಚು ಒಂದೇ ಸಲ. ಅದೊಂದೇ ಬೇಜಾರು."

ನನಗೊಂದು ಸಂದೇಹ. ಒಣಗಿದ ಮುರುಗಲು ಸಿಪ್ಪೆ ಒಂದು ಕೆಜಿ ತಂದಿದ್ದೇನೆ. ಕೈಗೆ ಒದ್ದೆ ಒದ್ದೆ ಹತ್ತುತ್ತಿದೆ. ಹಾಳಾಗಿದೆಯಾ?

ಬಾಡದ_ಗಾಳಿ | ಜನವರಿ 28

ಹಾಳಾಗಿಲ್ಲ ಅಕ್ಕಾ. ಉಪ್ಪು ಹಾಕಿ ಒಣಗಿಸುವುದು, ಅದಕ್ಕೇ ಹಾಗೆ. ಗಾಜಿನ ಇಲ್ಲವೇ ಪಿಂಗಾಣಿ ಭರಣಿಯಲ್ಲಿ ಹಾಕಿ, ಸ್ಟೀಲ್ ಡಬ್ಬಿ ಬೇಡ. ಕಪ್ಪಾದಷ್ಟೂ ಒಳ್ಳೆಯದು. ಕಗ್ಗ ಅಕ್ಕಿಯನ್ನು ಹಿಂದಿನ ರಾತ್ರಿ ನೆನೆಸಿಟ್ಟು ಬೇಯಿಸಿ, ಗಂಜಿ ಮಾಡಿದರೆ ಇನ್ನೂ ರುಚಿ.